ಅಂಕಮ್ಮನ ಹೆಸರು ಅಳಿಸದ ನೋರಮ್ಮ

ಮಳವಳ್ಳಿಯ ಹಿರಿಯರೆ, ಗೆಳೆಯರೆ, ಮದ್ದೂರಿನ ಗಾರ್ಮೆಂಟ್ಸ್‌ನಿಂದ ರಜೆ ಹಾಕಿ ಬಂದಿರುವ ಅಕ್ಕತಂಗಿಯರೆ — ಮತ್ತು ಇಲ್ಲಿ ಮುಂದೆ ಕೂತಿರುವ ದೇವಿರಮ್ಮನವರೆ, ನಮಸ್ಕಾರ. ನಮ್ಮನ್ನು ಅಗಲಿದ ನೋರಾ ವಿಟ್ಲಾಕ್ ವರ್ಷಗಟ್ಟಲೆ ಇದ್ದದ್ದು ಕೊಪ್ಪದ ದೇವಿರಮ್ಮನವರ ಮನೆಯಲ್ಲಿ. ಇವತ್ತು ನಾವು ಸಮಾಧಾನ ಹೇಳಬೇಕಾದ ಮನೆಯವರು ಇವರೇ.

ಸಭೆಗೆ ಮೊದಲು ಸಾಹಿತ್ಯ ಸಂಘದ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ನೋರಾ ಅವರ ಕನ್ನಡಪ್ರೇಮದ ಬಗ್ಗೆ ಮಾತ್ರ ಮಾತಾಡಿ ಮೇಷ್ಟ್ರೆ, ಕಾರ್ಖಾನೆ ವಿಷಯ ಬೇಡ ಎಂದರು. ಕ್ಷಮಿಸಿ ಅಧ್ಯಕ್ಷರೆ — ಆಗುವುದಿಲ್ಲ.

ನೋರಾ ಅಮೆರಿಕದ ಕವಿ. ಅವರ ತಾಯಿ ಅಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ನೋರಾ ಬರೆದ ಮೊದಲ ಕವಿತೆಗಳೆಲ್ಲ ಅಲ್ಲಿನ ಹೆಂಗಸರ ಮೇಲೆ. ನಮ್ಮ ರಾಗಿ ಬೀಸುವ ಪದಗಳನ್ನು ಇಂಗ್ಲಿಷಿಗೆ ತರಬೇಕೆಂದು ಇಲ್ಲಿಗೆ ಬಂದರು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಬ್ಬರೂ ಸೇರಿ ಅನುವಾದ ಮಾಡಿದೆವು. ಒಂದು ಪದಕ್ಕಾಗಿ ಇಡೀ ಮಧ್ಯಾಹ್ನ ಜಗಳವಾಡಿದ್ದೂ ಉಂಟು. ಅವರು ಕನ್ನಡ ಕಲಿತದ್ದು ಮಾತ್ರ ದೇವಿರಮ್ಮನವರಿಂದ. ಬ್ಯಾಂಕ್ ಮ್ಯಾನೇಜರಿಗೂ ‘ಓಯ್ತೀನಿ ಕಣಪ್ಪ’ ಎಂದು ಹೇಳಿಯೇ ಹೊರಡುತ್ತಿದ್ದರು. ನಗಿ, ನಗಿ — ಅವರೂ ನಗುತ್ತಿದ್ದರು.

ಆಮೇಲೆ ಅಂಕಮ್ಮ ಸತ್ತಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಂಕಮ್ಮ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎದೆನೋವು ಬಂದು ಮಿಷನ್ ಮೇಲೆಯೇ ಒರಗಿದಳು. ಪಕ್ಕದಲ್ಲಿ ಹೊಲಿಯುತ್ತಿದ್ದ ಭಾಗ್ಯಲಕ್ಷ್ಮಿ ಅವಳನ್ನು ಹೀಗೆ — ಹೀಗೆ ಹೆಗಲ ಮೇಲೆ ಹಾಕಿಕೊಂಡು ಗೇಟಿಗೆ ಓಡಿದಳು. ಶಿಫ್ಟ್ ಮುಗಿಯದೆ ಗೇಟು ತೆಗೆಯುವಂತಿಲ್ಲ ಎಂದರು ಕಾವಲಿನವರು. ತೆಗೆಯುವಷ್ಟರಲ್ಲಿ ಹೆಗಲ ಮೇಲೆಯೇ ಪ್ರಾಣ ಹೋಗಿತ್ತು.

ಭಾಗ್ಯಲಕ್ಷ್ಮಿ ಪದ ಕಟ್ಟಿದಳು. ‘ಗೇಟು ತೆಗಿಯೋ ಅಣ್ಣ, ಅಂಕಮ್ಮ ಮನೆಗೆ ಓಗ್ಬೇಕು’ — ಕಾರ್ಖಾನೆಯ ಬಸ್ಸಿನಲ್ಲಿ ಹೆಂಗಸರೆಲ್ಲ ಹಾಡತೊಡಗಿದರು. ನೋರಾ ಅದನ್ನೂ ಅನುವಾದಿಸಿ ಬೀಸುವ ಪದಗಳ ಪುಸ್ತಕಕ್ಕೆ ಸೇರಿಸಿದರು. ಪುಸ್ತಕ ಒಪ್ಪಿಕೊಂಡ ಅಮೆರಿಕದ ಪ್ರಕಾಶಕರು ಒಂದೇ ಷರತ್ತು ಹಾಕಿದರು: ಸತ್ತವಳ ಹೆಸರು ತೆಗೆಯಿರಿ, ಜನಪದ ಗೀತೆ ಎಂದು ಹಾಕೋಣ. ನೋರಾ ಬಂದು ಭಾಗ್ಯಲಕ್ಷ್ಮಿಯನ್ನೇ ಕೇಳಿದರು. ನಾನೂ ಅಲ್ಲಿದ್ದೆ.

‘ಅವಳ್ ಎಸ್ರು ಬ್ಯಾಡ ಅನ್ನೋರ್ಗೆ ಅವಳ್ ಪದ ಯಾಕಮ್ಮ? ಬುಡಿ, ನಾವ್ ಬಸ್ಸಲ್ಲೇ ಆಡ್ಕತೀವಿ,’ ಎಂದಳು.

ಅವತ್ತೇ ನೋರಾ ಪುಸ್ತಕ ವಾಪಸ್ ಪಡೆದರು. ಅಷ್ಟು ವರ್ಷಗಳ ದುಡಿಮೆ, ವಾಪಸ್! ಅಮೆರಿಕಕ್ಕೆ ಹೋದಾಗ, ಇಲ್ಲಿ ಹೊಲಿದ ಅಂಗಿಗಳನ್ನು ಮಾರುವ ಅಂಗಡಿಯ ಬಾಗಿಲಲ್ಲಿ ನಿಂತು, ಅಂಕಮ್ಮನ ಹೆಸರು ಹೇಳಿ ಹೇಳಿ ಆ ಪದ ಓದಿದರು. ಪೊಲೀಸರು ಎಳೆದೊಯ್ದರು. ವಿಡಿಯೊ ಎಲ್ಲ ಕಡೆ ಹರಡಿತು.

ಇಲ್ಲೇನಾಯಿತು? ಭಾಗ್ಯಲಕ್ಷ್ಮಿಯನ್ನು ಕೆಲಸದಿಂದ ತೆಗೆದರು. ನೋರಾ ತಿರುಗಿ ಬಂದು ಅವಳ ಜೊತೆ ಗೇಟಿನ ಮುಂದೆ ಧರಣಿ ಕೂತರು. ಪದ ಓದುವುದಕ್ಕೆ ನಾವು ಸಭಾಂಗಣ ಕೇಳಿದೆವು — ಇದೇ ಸಭಾಂಗಣ. ಕೊಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಓದಿದೆವು. ಸಾಹಿತಿಗಳು ಒಬ್ಬರೂ ಬರಲಿಲ್ಲ. ಪರದೇಶದವಳಿಗೆ ನಮ್ಮೂರ ಉಸಾಬರಿ ಯಾಕೆ ಎಂದು ಪತ್ರಿಕೆಗೆ ಬರೆದವರು ಇವತ್ತು ಈ ಫೋಟೊಗೆ ಹಾರ ಹಾಕಿದ್ದಾರೆ! ಬ್ಯಾನರಿನಲ್ಲಿ ‘ಕನ್ನಡದ ಮಗಳು’ ಎಂದು ಬರೆಸಿದ್ದಾರೆ. ಮಗಳಿಗೆ ಬಾಗಿಲು ಹಾಕಿದವರು ಯಾರು ಸ್ವಾಮಿ?

ಆ ವರ್ಷ ಅವರ ವೀಸಾ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಹೋದವರು ಮತ್ತೆ ಬರಲಿಲ್ಲ. ಅಲ್ಲಿನ ಆಸ್ಪತ್ರೆಯಿಂದ ಫೋನು ಮಾಡಿದಾಗ ದೇವಿರಮ್ಮನವರನ್ನು ಕೇಳಿದ್ದು ಇಷ್ಟೇ: ‘ಭಾಗ್ಯಂಗೆ ಕೆಲ್ಸ ಸಿಕ್ತಾ ಅವ್ವ?’ ಮೊದಲು ನೀನು ಹುಷಾರಾಗು ಎಂದರಂತೆ ಇವರು.

ಸಿಕ್ಕಿಲ್ಲ. ಅವಳನ್ನು ತೆಗೆದದ್ದರ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಆದರೆ ಆ ಗೇಟಿನಲ್ಲಿ ಈಗ ಆಂಬುಲೆನ್ಸ್ ನಿಂತಿರುತ್ತದೆ. ಯಾರ ದಯೆಯಿಂದಲೂ ಬಂದದ್ದಲ್ಲ ಅದು. ಈ ಹೆಂಗಸರು ತಂದದ್ದು.

ಎಲ್ಲರೂ ಎದ್ದು ನಿಲ್ಲಿ. ದೇವಿರಮ್ಮನವರೆ, ನಿಮಗೆ ಮಂಡಿ ನೋವು, ನೀವು ಕೂತೇ ಇರಿ. ಭಾಗ್ಯ, ಮುಂದೆ ಬಾರಮ್ಮ. ನೋರಾ ಅವರಿಗಾಗಿ ಒಂದು ನಿಮಿಷ ಮಾತಿಲ್ಲದೆ ನಿಲ್ಲೋಣ — ಒಂದೇ ನಿಮಿಷ. ಈ ಊರು ಈಗಾಗಲೇ ಬೇಕಾದಷ್ಟು ಸುಮ್ಮನಿದ್ದಾಗಿದೆ.