‘ಕಳೆದುಹೋಗಿದೆ’ ಎಂಬ ಸೀಲು

ಬೇಲಾಪುರದ ಬಸ್ ಸಾಲಿನಲ್ಲಿ ನನ್ನ ಮುಂದೆ ಹವಾಲ್ದಾರ್ ಸಮವಸ್ತ್ರದ ಹೆಂಗಸೊಬ್ಬರು, ಕೊರಳಲ್ಲಿ ಅಂಕಿಅಂಶ ಕಚೇರಿಯ ಗುರುತುಚೀಟಿ ಹಾಕಿಕೊಂಡ ಯುವಕನೊಬ್ಬ ನಿಂತಿದ್ದರು. ಮಾತು ಮೊಬೈಲ್ ಕಳವಿನದು; ಹೋದ ವರ್ಷ ನನ್ನ ಮೊಬೈಲೂ ಹೋಗಿತ್ತು. ಕಿವಿ ಅತ್ತಲೇ ನೆಟ್ಟಿತು.

“ವರದಿ ಪಾಸಾಯ್ತು, ಜಯಲತಕ್ಕ. ನಿಮ್ಮ ಠಾಣೆಯ ಮೊಬೈಲ್ ಕಳವು ಹೋದ ವರ್ಷ ನಲವತ್ತು, ಈ ವರ್ಷ ಆರುನೂರ ಹನ್ನೆರಡು.”

“ದೊಡ್ಡ ಸಾಹೇಬರು ಎಂತ ಹೇಳಿದ್ರು, ಸುಜನ್?”

“ಕಳ್ಳರು ಹೆಚ್ಚಾದ್ರಾ ಅಂತ ಕೇಳಿದ್ರು. ಕಳ್ಳರು ಮೊದಲಿನಷ್ಟೇ ಸರ್, ಬರೆಯೋದು ಈಗ ಸರಿಯಾಯ್ತು ಅಂದೆ. ನೀವು ಹುಡುಕಿ ಕೊಟ್ಟ ಹಳೇ ಅರ್ಜಿ ಎಲ್ಲ ತೋರಿಸಿದೆ.”

“ಕಿಸೆಯಿಂದ ಎಳ್ಕೊಂಡು ಓಡಿದ ಅಂತ ಜನ ಬರೀತಿದ್ರು. ನಾವು ಅದರ ಮೇಲೆ ‘ಕಳೆದುಹೋಗಿದೆ’ ಅಂತ ಸೀಲು ಹೊಡೀತಿದ್ದೆವು. ಹದಿನೆಂಟು ವರ್ಷ ನಾನೇ ಹೊಡೆದದ್ದು ಮಾರಾಯ.”

“ಅರ್ಧಕ್ಕರ್ಧ ಕಳವು ಮಾರ್ಕೆಟಿನ ಬ್ರಿಜ್ಜಿನ ಮೇಲೇ ಆದದ್ದು, ಸಂಜೆ ಆರರಿಂದ ಎಂಟು. ಸೋಮವಾರದಿಂದ ಅಲ್ಲಿಗೆ ಆರು ಪೊಲೀಸರು ಮಂಜೂರು.”

“ಆರು ಜನವಾ? ಒಬ್ಬರನ್ನು ಕೇಳಿದ್ರೂ ಕೊಡ್ತಿರಲಿಲ್ಲ.”

“ಅಂಕಿ ಕೇಳಿತಲ್ಲ ಅಕ್ಕ, ಅದಕ್ಕೆ ಕೊಟ್ರು. ಆ ಸೀಲು ಈಗ ಎಲ್ಲುಂಟು?”

ಬಸ್ಸು ಬಂತು. ಜಯಲತಕ್ಕ ಬ್ಯಾಗನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.

“ಇದರೊಳಗೆ ಉಂಟು. ಠಾಣೆಯಲ್ಲಿ ಕೇಳಿದ್ರೆ ಕಳೆದುಹೋಗಿದೆ ಅಂತ ಬರೆದುಕೊಡ್ತೇನೆ.”