ಎರಡು ಬೆರಳಿನ ಜಾಗ

ಇಲ್ಲ, ನಿನ್ನ ಹೆಸರು ನಾನು ಹೇಳಲಿಲ್ಲ. 'ಮನೇಲಿ ಹೆಂಗಸರಿಗೆ ಇಂಥ ನಂಬಿಕೆ ಇರತ್ತೆ ಡಾಕ್ಟ್ರೇ' ಅಂದೆ, ಅಷ್ಟೆ. ನಮ್ಮನೇಲಿ ನೀನೊಬ್ಬಳೇ ಹೆಂಗಸು ಅನ್ನೋದು ಬೇರೆ ಮಾತು. ಹೆಸರಂತೂ ಹೇಳಲಿಲ್ಲ.

ಬಾಗಿಲ ಕಡೆ ನೋಡ್ಬೇಡ ಅಮ್ಮಣ್ಣಿ. ನೀನು ನೋಡ್ತಾ ಇದ್ರೆ ಅದೇನು ಬೇಗ ತೆರೆಯಲ್ಲ. ಪ್ರಜ್ಞೆ ತಪ್ಪೋ ಇಂಜೆಕ್ಷನ್ ಕೊಟ್ಟಿದಾರೆ, ಚಾರ್ವಾಕನಿಗೆ ಏನೂ ಗೊತ್ತಾಗಲ್ಲ. ಮಲಗಿದ ನಾಯಿಯ ಕತ್ತಿನ ಕೂದಲು ಬೋಳಿಸ್ತಾರೆ, ಆ ದಾರ ಕತ್ತರಿಸಿ ತೆಗೀತಾರೆ, ತೊಳೆದು ಹೊಲಿಗೆ ಹಾಕ್ತಾರೆ. ಎಷ್ಟು ಆಳಕ್ಕೆ ಹೋಗಿದೆ ಅಂತ ತೆಗೆದ ಮೇಲೇ ಹೇಳೋದು ಅಂದ್ರು. ಉಸಿರಿನ ಕೊಳವೆ ಮುಟ್ಟಿರಬಾರದು. ಅಷ್ಟೆ. ಮುಟ್ಟಿರಬಾರದು, ಅಷ್ಟೆ.

ಕೂತ್ಕೋ. ಎಷ್ಟು ಸಲ ಏಳ್ತೀಯ.

ಸುರಭಿ ಡಾಕ್ಟರ್ ಮುಖ ನೋಡಿದ್ಯಾ? ಬೆಲ್ಟು ಬಿಚ್ಚಿದ್ರು, ಕೂದಲು ಸರಿಸಿದ್ರು, ಚರ್ಮದೊಳಗೆ ಹೂತುಹೋದ ಕಪ್ಪು ದೃಷ್ಟಿದಾರ, ಅದರ ಗಂಟು ಮಾತ್ರ ಮೇಲೆ. ಆಮೇಲೆ ಚೀಟಿ ಮೇಲೆ ಬರೆದಿದ್ದ ಹೆಸರು ಓದಿದ್ರು. ಚಾರ್ವಾಕ. ದೇವರಿಲ್ಲ, ಪರಲೋಕ ಇಲ್ಲ ಅಂದವನ ಹೆಸರು. ಆಮೇಲೆ ನನ್ನ ಮುಖ ನೋಡಿದ್ರು. ಏನೂ ಅನ್ನಲಿಲ್ಲ. ಅಂದಿದ್ರೆ ವಾಸಿಯಿತ್ತು.

ನೀನು 'ನಾನಲ್ಲ' ಅಂತಾದರೂ ಅನ್ನಬಹುದಿತ್ತು. ತಲೆ ತಗ್ಗಿಸ್ಕೊಂಡು ನಿಂತೆ. ನೋಡಿದವರು ಏನಂದ್ಕೋತಾರೆ? ಒಪ್ಕೊಂಡ ಹಾಗೇ ಆಯ್ತಲ್ಲ.

ಈಗ ಡಾಕ್ಟರ್ ಹೇಳಿದ್ದು ಕೇಳಿಸ್ಕೊಂಡೆ ತಾನೆ? ಕೆಲಸ ಮುಗಿದ ಮೇಲೆ, ದಾರ ಕಟ್ಟಿದವರು ಯಾರೋ ಅವರು ಒಳಗೆ ಬರಬೇಕು, 'ನಾನು ಅವರ ಹತ್ರ ಮಾತಾಡಬೇಕು' ಅಂತ. ಬೈತಾರೆ. ಬೈಯೋದು ಅವರ ಹಕ್ಕು. ಸ್ವಲ್ಪ ಹೊತ್ತು ಕೇಳಿಸ್ಕೊಂಡು ಬಂದ್ಬಿಡು. ನೀನು ಈ ಜೆಪಿ ನಗರದಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಹಾಗಲ್ಲ ನೋಡು. ಅವರ ತಂಗಿ ನನ್ನ ಕ್ಲಾಸಲ್ಲಿ ಫಿಸಿಕ್ಸ್ ಓದಿದವಳು.

ಯಾಕೆ ಹಾಗೆ ನೋಡ್ತೀಯ?

ನೋಡು, ಬೆಲ್ಟಿನ ವಿಷಯದಲ್ಲಿ ನನ್ನ ಕಡೆಯಿಂದ ಒಂದು ತಪ್ಪೂ ಇಲ್ಲ. ಅದನ್ನ ಡಾಕ್ಟ್ರೇ ಹೇಳಿದ್ರು, ಬೆಲ್ಟು ಸರಿಯಾಗೇ ಇದೆ ಅಂತ. ಜಯನಗರದ ಆ ಅಂಗಡೀಲಿ ನಾನು ಪಟ್ಟ ಪಾಡು ನಿನಗೇ ಗೊತ್ತು, ಜೊತೇಲಿದ್ದೆ. ಅವನು ಮೊದಲು ಸ್ಟೀಲ್ ಚೈನ್ ತೋರಿಸಿದ, ಎಳೆದಷ್ಟೂ ಬಿಗಿಯೋದು. ಆಮೇಲೆ ಮುಳ್ಳಿಂದು, 'ರೌಡಿ ಲುಕ್ ಬರತ್ತೆ ಸಾರ್' ಅಂದ. ಅಂಗೈಯಷ್ಟು ಮರಿಗೆ ರೌಡಿ ಲುಕ್. ನಾನು ಅಗಲವಾದ ಬಟ್ಟೆ ಪಟ್ಟಿ ಆರಿಸಿದೆ, ಲೋಹದ ಬಕಲಿಂದು, ಪ್ಲಾಸ್ಟಿಕ್ ಕ್ಲಿಪ್ಪು ಬೇಡ ಅಂದೆ. ವಾಕಿಂಗಿಗೆ ಕತ್ತಿಗೆ ಹಗ್ಗ ಹಾಕಬಾರದು, ಎದೆಪಟ್ಟಿ ಬೇರೆ ಬೇಕು ಅಂತ ಅದನ್ನೂ ತಂದೆ. ಪ್ರತಿ ಭಾನುವಾರ ಬೆಲ್ಟಿನ ಅಡಿಗೆ ಎರಡು ಬೆರಳು ತೂರಿಸಿ ನೋಡ್ತಿದ್ದೆ. ಎರಡು ಬೆರಳು ಸಲೀಸಾಗಿ ಹೋಗಬೇಕು, ಮೂರು ಹೋದ್ರೆ ಸಡಿಲ, ಕಳಚ್ಕೊಂಡು ಓಡತ್ತೆ. ಮರಿ ಬೆಳೀತಾ ಇರತ್ತೆ, ಹೋದ ತಿಂಗಳ ತೂತು ಈ ತಿಂಗಳಿಗೆ ಆಗಲ್ಲ. ಪುಟ್ಟೇನಹಳ್ಳಿ ಕೆರೆ ಹತ್ರ ಪಗ್ ನಾಯಿ ಕರ್ಕೊಂಡು ಬರ್ತಾರಲ್ಲ ಒಬ್ರು, ಅವರಿಗೂ ಇದನ್ನೇ ಪಾಠ ಮಾಡಿದೀನಿ. ಪಾಪ, ಅವರು ಈಗ ನನ್ನನ್ನ ಕಂಡ್ರೆ ಆ ಕಡೆ ರಸ್ತೆಗೆ ಹೋಗ್ತಾರೆ.

ರಾತ್ರಿ? ರಾತ್ರಿ ಬೆಲ್ಟು ಬಿಚ್ಚಬೇಕು, ಹೌದು. ಚರ್ಮಕ್ಕೆ ಗಾಳಿ ಬೇಕು. ಅದೂ ನಾನೇ ಹೇಳಿದ್ದು. ಮೊದಮೊದಲು ಬಿಚ್ತಿದ್ದೆ. ಆಮೇಲೆ... ಆಮೇಲೆ ಬಿಟ್ಟೆ. ಗೇಟು ತೆಗೆದಾಗ ಓಡಿಬಿಡತ್ತೆ ಅಂತ. ರಾತ್ರಿ ಗೇಟು ಯಾರು ತೆಗೀತಾರೆ ಅಂತ ಕೇಳಬೇಡ.

ಕೇಳಲಿಲ್ಲ, ಸರಿ. ಕೇಳಿದ ಹಾಗೆ ಕೂತಿದೀಯ.

ನಾನು ನಿನ್ನ ಮೇಲೆ ಕೋಪ ಮಾಡ್ಕೊಂಡಿಲ್ಲ. ಮಾಡ್ಕೊಂಡು ಏನು ಪ್ರಯೋಜನ? ಮೊಮ್ಮಗ ವಸಿಷ್ಠನ ನಾಮಕರಣದಲ್ಲೇ ಇದೆಲ್ಲ ಆಗಿಹೋಯ್ತಲ್ಲ. ಇಂಚರ ಮಗೂನ ತೊಡೆ ಮೇಲೆ ಮಲಗಿಸ್ಕೊಂಡಿದ್ಲು, ನೀನು ಅವನ ಕತ್ತಿಗೆ ಕಪ್ಪು ದಾರ ಕಟ್ಟಿದೆ, ನಾನು ಒಳಗಿಂದ ಕತ್ತರಿ ತಂದೆ. ಎಲ್ಲರೂ ಊಟಕ್ಕೆ ಕೂತಿದ್ರು. ಎಳೇ ಮಗುವಿನ ಕತ್ತಿಗೆ ಏನನ್ನೂ ಕಟ್ಟಬಾರದು, ಎಲ್ಲಾದರೂ ಸಿಕ್ಕಿಕೊಂಡ್ರೆ ಜೀವಕ್ಕೇ ಅಪಾಯ ಅಂದೆ. ಅದು ಸರಿಯಾದ ಮಾತೇ. ಈಗಲೂ ಸರಿ. ಅದರ ಮೇಲೆ ಇನ್ನಷ್ಟು ಸೇರಿಸಿದೆ, ಅದು ಬೇಕಾಗಿರಲಿಲ್ಲ. ಬೀಗರು ನಕ್ಕರು ಅಂತ ಇನ್ನೂ ಸೇರಿಸಿದೆ. ನೀನು ಬಗ್ಗಿ ಆ ತುಂಡುಗಳನ್ನ ಆರಿಸಿ ಸೆರಗಿನ ತುದಿಗೆ ಕಟ್ಕೊಂಡು ಹೋಗಿ ಪಾಯಸ ಬಡಿಸಿದೆ.



ಅದೆಲ್ಲ ಶುದ್ಧ ವ್ಯಾಪಾರ ಅಮ್ಮಣ್ಣಿ. ದೇವಸ್ಥಾನದ ಹೊರಗೆ ಕೂತು ಮಾರ್ತಾರಲ್ಲ, ಒಂದೇ ದಾರ ಕೇಳಿದ್ರೆ ಕೊಡಲ್ಲ. ಜೋಡಿ. ಒಂದು ಕಟ್ಟಿಸ್ಕೊಳ್ಳೋ ಜೀವಕ್ಕೆ, ಇನ್ನೊಂದು ಕಟ್ಟೋರ ಕೈಗೆ. ಇಬ್ಬರಲ್ಲಿ ಒಬ್ಬರು ತೆಗೆದ್ರೂ ಫಲ ಇಲ್ಲವಂತೆ. ಎಂಥ ಉಪಾಯ ನೋಡು. ಅದೂ ಹತ್ತಿಯದಲ್ಲ, ನೈಲಾನು. ನೆನೆದು ಕೊಳೆಯಲ್ಲ, ಹಿಗ್ಗಲ್ಲ. ಹತ್ತಿಯಾಗಿದ್ದಿದ್ರೆ ಇಷ್ಟು ಹೊತ್ತಿಗೆ ತಾನೇ ಹರಿದು...

ಏನು? ಬಳೆ ಯಾಕೆ ಸರಿಸ್ತೀಯ?

ಸರಿ, ನೋಡಿದೆ. ಎರಡು ಕೈಲೂ ಇಲ್ಲ. ತೆಗೆದು ಹಾಕಿರ್ತೀಯ. ಪಾತ್ರೆ ತೊಳೆಯುವಾಗ ಬಿಚ್ಚಿಟ್ಟಿರ್ತೀಯ.

ನನಗೆ ಹೇಗೆ ಗೊತ್ತು ಅಂದ್ರೆ, ಎಲ್ಲರಿಗೂ ಗೊತ್ತಿರೋದೇ ಅದು. ಬನಶಂಕರಿ ದೇವಸ್ಥಾನದ ಕಡೆ ಓಡಾಡೋರಿಗೆ ಎಲ್ಲ ಗೊತ್ತಿರತ್ತೆ.

ಬಾಟಲೀಲಿ ನೀರಿದೆ, ಕುಡೀತೀಯಾ? ಬೇಡ್ವಾ. ನಾನು ಕುಡೀತೀನಿ.

ಸ್ನಾನ ನಾನೇ ಮಾಡಿಸ್ತಿದ್ದೆ, ಅದನ್ನೇ ಯೋಚನೆ ಮಾಡ್ತಿದೀಯ. ಬೆಲ್ಟು ಹಾಕೋದೂ ನಾನೇ, ತೆಗೆಯೋದೂ ನಾನೇ, ನಿನಗೆ ಮುಟ್ಟೋಕೇ ಬಿಡ್ತಿರಲಿಲ್ಲ, ಬಕಲು ನಿನಗೆ ಬರಲ್ಲ ಅಂತಿದ್ದೆ. ಹಾಗಿದ್ರೆ ಇವರ ಕಣ್ಣಿಗೆ ಹೇಗೆ ಬೀಳಲಿಲ್ಲ ಅಂತ. ಕತ್ತಿನ ಸುತ್ತ ಕೂದಲು ಎಷ್ಟು ದಟ್ಟ ನೋಡಿಲ್ವಾ, ಬೀದಿ ನಾಯಿಗೆ ಎಲ್ಲಿಂದ ಬಂತೋ ಅಂಥ ಜೂಲು. ಕೆರ್ಕೊಳ್ತಿತ್ತು. ಬೆಲ್ಟಿನ ಅಲರ್ಜಿ ಅಂದ್ಕೊಂಡು ಪೌಡರ್ ಹಾಕಿದೆ. ವಾಸನೆ ಬಂತು, ಕಿವಿ ಸೋರ್ತಿದೆ ಅಂದ್ಕೊಂಡೆ. ಬೊಗಳೋಕೆ ಹೋಗಿ ನಿಲ್ಲಿಸ್ತಿತ್ತಲ್ಲ, ಅರ್ಧಕ್ಕೇ... ನಾನು ಅದಕ್ಕೆ ಬುದ್ಧಿ ಬಂತು ಅಂದೆ. ಎಲ್ಲರಿಗೂ ಹೇಳ್ಕೊಂಡು ಬಂದೆ, ನಮ್ಮ ಚಾರ್ವಾಕ ಈಗ ಸುಮ್ಮಸುಮ್ಮನೆ ಬೊಗಳಲ್ಲ ಅಂತ.

ಅಳ್ಬೇಡ. ನೀನು ಅಳಬಾರದು.

ಆ ವಾರ ನೆನಪಿದೆಯಾ ನಿನಗೆ? ಮರಿಗೆ ಪಾರ್ವೋ ಕಾಯಿಲೆ ಬಂದಾಗ. ಇದೇ ಬೆಂಚು. ರಕ್ತ ಕಾರ್ತಿತ್ತು. ಡ್ರಿಪ್ ಹಾಕಿ, ಇವತ್ತು ದಾಟಿದ್ರೆ ನೋಡೋಣ ಅಂದಿದ್ರು. ಮನೇಗೆ ಹೋದ್ವಿ. ನೀನು ದೇವರ ಮನೇಲಿ ಹೋಗಿ ಕೂತೆ. ಬಾಗಿಲು ಹಾಕ್ಕೊಂಡೆ. ನಿನಗೆ ಹೋಗಿ ಕೂತ್ಕೊಳೋಕೆ ಒಂದು ಜಾಗ ಇತ್ತು. ನಾನು ಎಲ್ಲಿ ಕೂತ್ಕೊಳ್ಳಲಿ? ಸೋಫಾ ಮೇಲೆ ಕೂತೆ, ಎದ್ದೆ, ಪೇಪರ್ ತೆಗೆದೆ. ಸ್ಕೂಟರ್ ತಗೊಂಡು ಸುಮ್ಮನೆ ಹೊರಟೆ. ಎಲ್ಲಿಗೆ ಅಂತೇನೂ ಇರಲಿಲ್ಲ.

ಕನಕಪುರ ರಸ್ತೇಲಿ ಟ್ರಾಫಿಕ್ಕು ಅಂದೆ ನಿನಗೆ, ತಡವಾಗಿ ಬಂದಾಗ. ಟ್ರಾಫಿಕ್ಕೂ ಇತ್ತು.

ಆಮೇಲೆ ಅದು ಉಳೀತು. ಔಷಧಿಯಿಂದ ಉಳೀತು. ಅದರಲ್ಲಿ ನನಗೆ ಈಗಲೂ ಅನುಮಾನ ಇಲ್ಲ. ಹಾಗಿದ್ರೆ ಬಿಚ್ಚಬೇಕಿತ್ತು, ಅಲ್ವಾ. ಯಾವತ್ತಾದರೂ ಒಂದು ದಿನ ಬಿಚ್ಚಬೇಕಿತ್ತು. ಬಿಚ್ಚೋಣ ಅಂತ ಕೈ ಹಾಕಿದ ದಿನಾನೇ ಅದು ಊಟ ಬಿಡ್ತು, ಬರೀ ಅಜೀರ್ಣ, ಆದ್ರೂ ಕೈ ತೆಗೆದೆ. ಆಮೇಲೊಂದು ಸ್ನಾನದಲ್ಲಿ ದಾರ ಬೆರಳಿಗೆ ಸಿಗಲಿಲ್ಲ. ಉದುರಿ ಹೋಗಿರಬೇಕು ಅಂದ್ಕೊಂಡೆ. ಒಳ್ಳೇದಾಯ್ತು, ನಾನು ತೆಗೆದ ಹಾಗಾಗಲಿಲ್ಲ, ಅದೇ ಹೋಯ್ತು ಅಂತ...

...

ಏನಾದರೂ ಅನ್ನು.

ಅಮ್ಮಣ್ಣಿ, ಏನಾದರೂ ಅನ್ನು.

ಬೇಡ. ಕೈ ಬಿಡು. ವಾಚು ಮುಟ್ಟಬೇಡ. ಜನ ನೋಡ್ತಿದಾರೆ.

ಹೋಗಲ್ಲ. ಎರಡು ಬೆರಳು ಹೋಗಲ್ಲ ಅದರ ಅಡಿಗೆ, ಒಂದೂ ಕಷ್ಟ. ಬಿಗಿಯಾಗೇ ಹಾಕೋದು ನಾನು. ಪಟ್ಟಿ ಸರಿದು ಅಡಿಯಲ್ಲಿರೋ ದಾರ ಕಾಣಬಾರದಲ್ಲ. ಅದಕ್ಕೇ ಅಗಲ ಪಟ್ಟಿ. ಇಬ್ಬರಿಗೂ ಅಗಲ ಪಟ್ಟಿ.

ಮಲಗುವಾಗಲೂ ವಾಚು ಕಟ್ಕೊಂಡು ಮಲಗ್ತಿದ್ದೆ, ನೀನು ಯಾಕೆ ಅಂತ ಒಂದು ದಿನಾನೂ ಕೇಳಲಿಲ್ಲ. ನಾನು ಜಾಣತನ ಮಾಡ್ತಿದೀನಿ ಅಂದ್ಕೊಂಡಿದ್ದೆ. ನಿನಗೆ ಗೊತ್ತಿತ್ತು. ನನ್ನದು ಗೊತ್ತಿತ್ತು. ಚಾರ್ವಾಕನ ಕತ್ತಿನಲ್ಲೂ ಒಂದಿದೆ ಅಂತ ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ನೀನು ಆವತ್ತೇ ಬಿಚ್ತಿದ್ದೆ. ನಂಬೋಳು ನೀನು, ಆದ್ರೂ ಬಿಚ್ತಿದ್ದೆ.

ಹೆಲ್ಮೆಟ್ ತೆಗೀಲಿಲ್ಲ ನಾನು. ಹೆಲ್ಮೆಟ್ ಹಾಕ್ಕೊಂಡೇ ಕೊಂಡ್ಕೊಂಡೆ. ಯಾರಿಗೆ ಅಂತ ಕೇಳಿದ್ಲು ದಾರ ಮಾರೋ ಆಯಮ್ಮ. ಮಗೂಗೆ ಅಂದೆ.

ಇರು, ನಾನೇ ಬಿಚ್ತೀನಿ. ವಾಚು ಇಟ್ಕೋ ನೀನು. ದಾರ ಇರಲಿ, ಅದನ್ನ ಅವರೇ ಕತ್ತರಿಸಲಿ. ಕತ್ತರಿ ಅವರ ಹತ್ರ ಇರತ್ತೆ.

ಬಾಗಿಲು ತೆಗೆದ್ರು.

ಉಸಿರಾಡ್ತಿದೆಯಾ ಡಾಕ್ಟ್ರೇ? ...ಆಡ್ತಿದೆಯಂತೆ, ಕೇಳಿಸ್ತಾ? ಆಡ್ತಿದೆಯಂತೆ.

ಏಳ್ಬೇಡ ಅಮ್ಮಣ್ಣಿ. ನೀನ್ಯಾಕೆ ಏಳ್ತೀಯ. ಕಟ್ಟಿದವರು ಬನ್ನಿ ಅಂತಿದಾರೆ, ಕೂತ್ಕೋ.