ಅಕ್ಟೋಬರದಲ್ಲಿ ಬಿದ್ದ ಹಲಸಿನ ಹಣ್ಣು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷ ಪರಮಾನಂದರೇ, ಮಣಿಪಾಲದ ಪಕ್ಷಿಮಿತ್ರರೇ, ಮುಂದಿನ ಸಾಲಿನಲ್ಲಿ ಕುಳಿತು ಸದ್ಯ ಫ್ಯಾನು ನೋಡುತ್ತಿರುವ ನನ್ನ ಧರ್ಮಪತ್ನಿ ಶ್ರೀಮತಿಯೇ, ಸಭಿಕರೇ,

ಈ ಸಭೆಯ ಮೂಲಕ ಸಮಸ್ತ ಕರಾವಳಿಗೆ ಘೋಷಿಸುತ್ತೇನೆ: ಬನ್ನಂಜೆಯ ಅನಂತೇಶನಾದ ನಾನು ದಿನಾ ನಸುಕಿಗೆ ಹೆಂಡತಿ ಎಬ್ಬಿಸದೆ ನನ್ನಷ್ಟಕ್ಕೇ ಎದ್ದು ಹಾಲು ತರುತ್ತೇನೆ. ಐದು ನಿಮಿಷದ ಹಿಂದಿನವರೆಗೆ ಹಾಗೆಂದೇ ನಂಬಿದ್ದೆ. ಈಗ ಆ ನಂಬಿಕೆ ಬಿಟ್ಟು ಮೈಕು ಹಿಡಿದು ನಿಂತಿದ್ದೇನೆ.

ಮಡಿವಾಳ ಹಕ್ಕಿ ಯಾವಾಗ ಹಾಡುತ್ತದೆ? ಬೇಸಿಗೆಯ ನಸುಕಿನಲ್ಲಿ, ಗೂಡು ಕಟ್ಟುವ ಕಾಲದಲ್ಲಿ. ಮಳೆ ಮುಗಿಯುವಾಗ ಬಾಯಿ ಮುಚ್ಚುತ್ತದೆ. ಇದು ನನ್ನ ಮಾತಲ್ಲ. ಕಾರ್ಕಳದ ಕಾಡಿನಲ್ಲಿ ವರ್ಷವಿಡೀ ಜಿಗಣೆಗಳಿಗೆ ಕಾಲು ಕೊಟ್ಟು, ಹಕ್ಕಿಗಳಿಗೆ ಕಿವಿ ಕೊಟ್ಟ ಪರಮಾನಂದರ ಮಾತು. ಅದಕ್ಕೆ ಅಪವಾದ ಒಂದೇ, ನಮ್ಮ ಹಿತ್ತಿಲಿನ ಹಕ್ಕಿ. ಅದು ಅಕ್ಟೋಬರದಲ್ಲೂ ಹಾಡುತ್ತದೆ. ಅದಕ್ಕೆ ಆಶ್ರಯ ಕೊಟ್ಟೆನೆಂದು ನನಗೆ ಈ ಹಾರ, ಈ ಶಾಲು.

ಕಳೆದ ವರ್ಷದವರೆಗೆ ಹಕ್ಕಿ ಸುಮ್ಮನಾದರೆ ನಾನೂ ಏಳುತ್ತಿರಲಿಲ್ಲ. ಡೈರಿಯಲ್ಲಿ ಹಾಲು ಖಾಲಿ, ಮನೆಯಲ್ಲಿ ಕಪ್ಪು ಕಾಫಿ, ಶ್ರೀಮತಿಯದು ಸಂಜೆವರೆಗೆ ಮೌನ. ಈ ವರ್ಷ ಹಕ್ಕಿ ನಿಲ್ಲಿಸಲೇ ಇಲ್ಲ. ಮೊದಲ ಸ್ವರಕ್ಕೇ ನಾನು ಪಾತ್ರೆ ಹಿಡಿದು ಹೊರಟಾಯಿತು. ಮುಂದಿನ ಹಾಡು ಕೇಳಿದ್ದೇ ಇಲ್ಲ.

ಈಗತಾನೇ ಕೇಳಿದೆ. ನಮ್ಮ ಕಂಪೌಂಡಿನ ಹೊರಗೆ ನಿಂತು ಮೊನ್ನೆ ನಸುಕಿನಲ್ಲಿ ಧ್ವನಿಮುದ್ರಿಸಿದ್ದನ್ನು ಪರಮಾನಂದರು ಸಭೆಗೆ ಕೇಳಿಸಿದರು. ಹಕ್ಕಿ ಹಾಡಿತು. ಏನೋ ದೊಪ್ಪನೆ ಬಿತ್ತು. ಆಮೇಲೆ ಒಂದು ಗಂಡು ದನಿ: "ಹಲಸು ಬಿತ್ತು ಮಾರಾಯ್ತಿ, ಕತ್ತಿ ತಾ."

ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಪಕ್ಷಿಪ್ರೇಮಿಗಳಿಗೆ ಮನುಷ್ಯರ ದನಿ ಕೇಳಿಸುವುದಿಲ್ಲ, ಅಲ್ವಾ? ನನಗೆ ಕೇಳಿಸಿತು. ಅದು ನನ್ನ ದನಿ. ಸ್ವಾಮೀ, ಅಕ್ಟೋಬರದಲ್ಲಿ ಯಾರ ಹಿತ್ತಿಲಲ್ಲಿ ಹಲಸಿನ ಹಣ್ಣು ಬೀಳುತ್ತದೆ? ಅದು ಬಿದ್ದದ್ದು ಮೇ ತಿಂಗಳಲ್ಲಿ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಶ್ರೀಮತಿಯ ಟೇಪ್ ರೆಕಾರ್ಡರ್ ಉಂಟು, ದನಿ ಹಿಡಿಯುವುದೂ ಅದೇ, ಹಾಡುವುದೂ ಅದೇ. ನಾನು ಶ್ರೀಮತಿಯನ್ನು ನೋಡಿದೆ. ಅವಳು ಫ್ಯಾನು ನೋಡಿದಳು.

ಈ ವಾರ ಹಕ್ಕಿಯ ಸ್ವರ ಎಳೆಯುತ್ತಿತ್ತು. ಪಾಪ, ನೆಗಡಿ ಎಂದುಕೊಂಡೆ. ಟೇಪಿಗೆ ಸೆಲ್ ತನ್ನಿ ಎಂದು ಅವಳು ಹೇಳಿದರೆ, ಈ ವಯಸ್ಸಿನಲ್ಲಿ ನಿನಗೆ ಎಂತ ಪದ್ಯ ಎಂದು ಗದರಿದ್ದೆ.

ಅಧ್ಯಕ್ಷರೇ, ನಿಮ್ಮ ವರದಿಯಿಂದ ಬನ್ನಂಜೆಯನ್ನು ತೆಗೆದುಬಿಡಿ. ಕಾಡಿನ ಹಕ್ಕಿಗಳ ಲೆಕ್ಕವೇ ಸರಿ. ಹಾರ ಹಿಂದೆ ಕೊಡುತ್ತೇನೆ. ಶಾಲು ಹಾಡಿಸಿದವರಿಗೆ ಸಲ್ಲಬೇಕು, ಅವರು ಮುಂದಿನ ಸಾಲಿನಲ್ಲೇ ಇದ್ದಾರೆ. ನಗದೆ ಕೇಳಿದವರಿಗೂ ನಕ್ಕವರಿಗೂ ಉಪಕಾರ, ನಮಸ್ಕಾರ.

ಹಾಂ, ಈ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಟಾರ್ಚ್ ಹಿಡಿದು ಬಂದವರು ಯಾರಾದರೂ ಎರಡು ಸೆಲ್ ಬಿಚ್ಚಿ ಕೊಡುವಿರಾ? ನಾಳೆ ಹಾಲು ತರಬೇಕು.